ಲಿನಕ್ಸ್ ಹಾಕಿಸುವವರೇ, ಮೊದಲು ಡಿ ಡ್ರೈವ್ ಕಾಪಿ ಮಾಡಿಟ್ಟುಕೊಳ್ಳಿ

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಮ್ಮ ಹಳೇ ಡೆಸ್ಕ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. "ಲಿನಕ್ಸ್ ಮಿಂಟ್ ಹಾಕೋಣ ಅಣ್ಣ, ಫ್ರೀ, ಹಳೇ ಮಷೀನಲ್ಲೂ ಚೆನ್ನಾಗಿ ಓಡುತ್ತೆ" ಎಂದ ವಿರಾಜಪೇಟೆಯ ಅಂಗಡಿಯ ಹುಡುಗ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕುವ ಆಪರೇಟಿಂಗ್ ಸಿಸ್ಟಂ, ಮಿಂಟ್ ಅದರ ಒಂದು ಬಗೆ. ಅವನು ಹೇಳಿದ್ದು ಸುಳ್ಳೇನಲ್ಲ. "ಡಿ ಡ್ರೈವ್ ಮಾತ್ರ ಮುಟ್ಟಬೇಡಪ್ಪ" ಎಂದು ಹೇಳಿಯೇ ಕೊಟ್ಟು ಬಂದೆ.

ಮನೆಗೆ ತಂದು ನೋಡಿದರೆ ಡಿ ಡ್ರೈವೇ ಇಲ್ಲ!

ಸಿ, ಡಿ ಅಂದರೆ ಎರಡು ಡಿಸ್ಕ್ ಅಂದುಕೊಂಡವರು ಬಹಳ ಜನ. ಹೆಚ್ಚಿನ ಮನೆಗಳಲ್ಲಿ ಅವು ಒಂದೇ ಡಿಸ್ಕಿನ ಎರಡು ಭಾಗ. ಲಿನಕ್ಸ್ ಹಾಕುವಾಗ 'ಡಿಸ್ಕ್ ಪೂರ್ತಿ ಅಳಿಸು' ಅನ್ನುವ ಆಯ್ಕೆ ಒತ್ತಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಬೇಗ ಮುಗಿಯುತ್ತದಲ್ಲ, ಅಂಗಡಿಯವರು ಒತ್ತಿದ್ದು ಅದನ್ನೇ.

ಹೋಗಿದ್ದು ತೋಟದ ಆಳುಗಳ ಬಟವಾಡೆ ಲೆಕ್ಕ, ಫೋಟೊಗಳು, ಅಪ್ಪ ಬರೆದಿಡುತ್ತಿದ್ದ ಮಳೆ ಲೆಕ್ಕ. ಯಾವ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವಾಗ ಬಂತು, ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬಿತ್ತು, ಎಲ್ಲ ಅದರಲ್ಲಿತ್ತು. ಕಾಫಿ ತೋಟ ಇರುವವರಿಗೆ ಅದರ ಬೆಲೆ ಗೊತ್ತು.

ನಿಮಗೂ ಹೀಗಾದರೆ ಕೂಡಲೇ ಕಂಪ್ಯೂಟರ್ ಆಫ್ ಮಾಡಿ. ಮೇಲೆ ಹೊಸದು ಬರೆದಷ್ಟೂ ಹಳೆಯದು ಹೋಗುತ್ತದೆ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಅಳಿಸಿಹೋದ ಫೈಲು ಹುಡುಕುವ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಓಡಿಸಬಹುದು. ನಮ್ಮದು ಹಾರ್ಡ್ ಡಿಸ್ಕ್ ಆಗಿದ್ದರಿಂದ ಒಂದಷ್ಟು ಫೈಲು ಸಿಕ್ಕವು, ಹೆಸರು ಮಾತ್ರ ಒಂದಕ್ಕೂ ಇಲ್ಲ. ಎಸ್‌ಎಸ್‌ಡಿ (ಚಿಪ್ಪಿನಲ್ಲಿ ಫೈಲು ಇಡುವ ಹೊಸ ಬಗೆಯ ಡಿಸ್ಕ್) ಆದರೆ ಅಷ್ಟು ಆಸೆಯನ್ನೂ ಇಟ್ಟುಕೊಳ್ಳಬೇಡಿ.

ಸಿಕ್ಕ ಕನ್ನಡ ಪತ್ರ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದು ಫೈಲ್ ಕೆಟ್ಟಿದ್ದಲ್ಲ. ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದ ಹಳೇ ಆವೃತ್ತಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಆ ಫಾಂಟ್ ಇಲ್ಲದ ಕಡೆ ಹಾಗೇ ಕಾಣುತ್ತದೆ. ವಿಂಡೋಸ್ ಇರುವಾಗಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ, ಇಲ್ಲವೇ ಫಾಂಟ್ ಫೈಲುಗಳನ್ನಾದರೂ ಎತ್ತಿಟ್ಟುಕೊಳ್ಳಿ. ಟೈಪ್ ಮಾಡುವ ಚಿಂತೆ ಬೇಡ. ನುಡಿಯ ಕೀಲಿಮಣೆಯೇ ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಲ್ಲಿ ಇದೆ.

ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬಳಸುವವರು ಇನ್ನೂ ಜಾಸ್ತಿ ಯೋಚಿಸಿ, ಅದು ವಿಂಡೋಸಿಗಾಗಿಯೇ ಮಾಡಿದ್ದು. ನಿಮ್ಮ ಪ್ರಿಂಟರ್ ಲಿನಕ್ಸಿನಲ್ಲಿ ನಡೆಯುತ್ತದೋ ಇಲ್ಲವೋ ಎಂಬುದೂ ಮೊದಲೇ ಗೊತ್ತಾಗುವಂಥದ್ದು. ಮಿಂಟನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಅಂಗಡಿಯಲ್ಲಲ್ಲ, ನಿಮ್ಮ ಮನೆಯಲ್ಲಿ, ನಿಮ್ಮ ಪ್ರಿಂಟರ್ ಜೋಡಿಸಿ ನೋಡಿ. ಹಾಕಿಸುವುದೇ ಆದರೆ ಮಳೆಗಾಲ ಬಿಟ್ಟು ಹಾಕಿಸಿ. ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿಲ್ಲ. ಅರ್ಧ ಇನ್‌ಸ್ಟಾಲ್ ಆದಾಗ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಅಂಗಡಿಯವರು ಕೂಲಿ ವಾಪಸ್ ಕೊಡಲು ಬಂದರು. ಮಳೆ ಲೆಕ್ಕ ಕೊಡಿ ಅಂದೆ, ಸುಮ್ಮನಾದರು.