6,370 ರೂಪಾಯಿಯ ತಟ್ಟೆಯೋ, ಪುಕ್ಕಟೆ ಪಾಡ್‌ಕಾಸ್ಟೋ?

ಸಿನಿಮಾದ ಹಿನ್ನೆಲೆ ಸಂಗೀತವನ್ನು ಅರಿತು ಕೇಳಲು ಯಾವ ದಾರಿ ವಾಸಿ? ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಪಾಡ್‌ಕಾಸ್ಟ್, ಅಂದರೆ ಫೋನಿನಲ್ಲಿ ಕಂತುಕಂತಾಗಿ ಕೇಳುವ ಮಾತಿನ ಕಾರ್ಯಕ್ರಮ. ದುಡ್ಡು ಸುರಿದು ತರಿಸಿದ ಸಿ.ಡಿ. ನಮ್ಮನೆ ಷೋಕೇಸಿನಲ್ಲಿ ಮಗಳ ಕಬಡ್ಡಿ ಕಪ್ಪಿನ ಪಕ್ಕ ನಿಂತಿದೆ. ಧೂಳು ಒರೆಸುವಾಗಲೆಲ್ಲ ಹೆಂಡತಿ ಅದನ್ನು ಎತ್ತಿ, ನನ್ನ ಮುಖ ನೋಡಿ, ಮತ್ತೆ ಅಲ್ಲೇ ಇಡುತ್ತಾಳೆ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಅಂದಿದ್ದರೇ ವಾಸಿ ಇತ್ತು.

ಹಿನ್ನೆಲೆ ಸಂಗೀತದ ಹುಚ್ಚು ನನಗೆ ಹಳೇದು. ನಮ್ಮ ಸಿನಿಮಾದವರು ಅದನ್ನು ರೀರೆಕಾರ್ಡಿಂಗ್ ಅನ್ನುತ್ತಾರೆ. ಕ್ಯಾಸೆಟ್ ಕಾಲದಲ್ಲಿ ಅಂಗಡಿಗೆ ಬರುತ್ತಿದ್ದದ್ದು ಹಾಡುಗಳು. ರೀರೆಕಾರ್ಡಿಂಗ್ ಬೇಕೆಂದರೆ ಟಿ.ವಿ. ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಮನೆಮಂದಿಗೆಲ್ಲ ‘ಉಶ್’ ಅಂತ ಸನ್ನೆ ಮಾಡಿ ಹಿಡಿದುಕೊಳ್ಳಬೇಕಿತ್ತು. ಎಲ್. ವೈದ್ಯನಾಥನ್ ಅವರ ‘ಮಾಲ್ಗುಡಿ ಡೇಸ್’ ಶೀರ್ಷಿಕೆ ಸಂಗೀತವನ್ನು ನಾನು ಹಾಗೇ ಹಿಡಿದದ್ದು. ಅದರಲ್ಲಿ ಅಮ್ಮನ ಕುಕ್ಕರ್ ಸೀಟಿಯೂ ಸೇರಿಕೊಂಡಿತ್ತು. ಇವತ್ತಿಗೂ ಆ ಧಾಟಿ ಕಿವಿಗೆ ಬಿದ್ದರೆ ಸೀಟಿ ಬರಬೇಕಾದ ಜಾಗದಲ್ಲಿ ಏನೋ ಕಮ್ಮಿಯಾದಂತಾಗುತ್ತದೆ.

ಈಗಿನ ಹುಚ್ಚಿನ ಹೆಸರು ಜೆರ್ರಿ ಗೋಲ್ಡ್‌ಸ್ಮಿತ್. ಹಾಲಿವುಡ್ಡಿನ ಸಂಗೀತ ಸಂಯೋಜಕರು, 1929ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡರು. ಆಸ್ಕರ್ ಪಟ್ಟಿಗೆ 18 ಸಲ ಹೆಸರು ಬಂದರೂ ಕೈಗೆ ಬಂದದ್ದು ಒಂದೇ, ‘ದಿ ಓಮನ್’ಗೆ. ‘ಸ್ಟಾರ್ ವಾರ್ಸ್’ಗೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಹೆಸರು ಗೊತ್ತಿರುವಷ್ಟು ಜನಕ್ಕೆ ಇವರ ಹೆಸರು ಗೊತ್ತಿಲ್ಲ, ಅದಕ್ಕೇ ಇವರ ಅಭಿಮಾನಿಗಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಾನು ಸಿಕ್ಕಿಬಿದ್ದದ್ದು ಬಾಹ್ಯಾಕಾಶದಲ್ಲಿ ನಡೆಯುವ ಹೆದರಿಸುವ ಚಿತ್ರ, 1979ರ ‘ಏಲಿಯನ್’ ನೋಡಿ. ಈ ಮನುಷ್ಯನ ಸಂಗೀತವನ್ನು ಸರಿಯಾಗಿ ಕೇಳಬೇಕು ಅಂತ ಹೊರಟು ಒಂದಾದಮೇಲೊಂದು ಮೂರು ದಾರಿ ಹಿಡಿದೆ. ಮೊದಲು ಸಿ.ಡಿ., ಆಮೇಲೆ ಆನ್‌ಲೈನ್ ಪಾಠ, ಕಡೆಗೆ ಪಾಡ್‌ಕಾಸ್ಟ್. ಬುದ್ಧಿವಂತರು ಇದನ್ನು ತಿರುವಿ ಮಾಡುತ್ತಾರೆ.

ಸಿ.ಡಿ. ಕಥೆ ಸ್ವಲ್ಪ ಉದ್ದ, ಕ್ಷಮಿಸಿ. ‘ಏಲಿಯನ್’ ಪೂರ್ತಿ ಸಂಗೀತ ಎರಡು ತಟ್ಟೆಗಳಲ್ಲಿ 2007ರಲ್ಲಿ ಬಂದಿತ್ತು. ಅದರದ್ದೊಂದು ಸೆಕೆಂಡ್ ಹ್ಯಾಂಡ್ ಪ್ರತಿ ಹೊರದೇಶದ ಒಬ್ಬ ಮಾರಾಟಗಾರನ ಹತ್ತಿರ ಸಿಕ್ಕಿತು. ತಟ್ಟೆಗೆ 2,400, ಸಾಗಾಟಕ್ಕೆ 1,850. ಒಂದೂವರೆ ತಿಂಗಳಾದಮೇಲೆ ಪೋಸ್ಟ್‌ಮ್ಯಾನ್ ಬಂದು, ಸುಂಕ 870 ಕಟ್ಟಿ ಬಿಡಿಸಿಕೊಳ್ಳಿ ಸಾರ್ ಅಂದರು. ಕಟ್ಟಿದೆ. ಪೊಟ್ಟಣ ಅಲ್ಲಾಡಿಸಿದರೆ ಗಿಲಕಿಯ ಸದ್ದು. ಡಬ್ಬಿಯೊಳಗೆ ತಟ್ಟೆಯನ್ನು ಕಚ್ಚಿ ಹಿಡಿಯುವ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವಲ್ಲ, ಅವೆಲ್ಲ ಮುರಿದು ಉದುರಿದ್ದವು. ತಟ್ಟೆಗೆ ಗೀರು ಬಿದ್ದಿರಲಿಲ್ಲ, ಪುಣ್ಯ.

ಆಗ ಹೊಳೆಯಿತು, ಹಾಕಿ ಕೇಳುವುದಕ್ಕೆ ಮನೆಯಲ್ಲಿ ಏನೂ ಇಲ್ಲ! ಹಳೇ ಕಂಪ್ಯೂಟರ್ ಗುಜರಿಗೆ ಹೋಗಿ ಮೂರು ವರ್ಷ. ಅಟ್ಟದ ಮೇಲಿನ ಡಿ.ವಿ.ಡಿ. ಪ್ಲೇಯರ್ ಕೆಳಗಿಳಿಸಿದರೆ ಅದರ ಬಾಗಿಲೇ ತೆರೆಯಲಿಲ್ಲ. 1,250 ಕೊಟ್ಟು ಸಿ.ಡಿ. ಓಡಿಸುವ ಯು.ಎಸ್.ಬಿ. ಡ್ರೈವ್ ತಂದೆ. ನನ್ನ ಲ್ಯಾಪ್‌ಟಾಪ್ ಆಫೀಸಿನದ್ದು, ಹೊರಗಿನ ಯಾವ ಡ್ರೈವನ್ನೂ ಅದು ಮುಟ್ಟಿಸಿಕೊಳ್ಳುವುದಿಲ್ಲ. ಒಟ್ಟು 6,370 ರೂಪಾಯಿ ಖರ್ಚಾಗಿತ್ತು, ಒಂದು ಸ್ವರ ಕೇಳಿರಲಿಲ್ಲ.

ಕಡೆಗೆ ನೆನಪಾದದ್ದು ಭಾವನ ಹಳೇ ಕಾರು. ಅದರಲ್ಲಿ ಸಿ.ಡಿ. ತೂರಿಸುವ ಕಂಡಿ ಇದೆ. ಒಂದು ಭಾನುವಾರ ಅವರ ಮನೆ ಮುಂದೆ ನಿಂತಿದ್ದ ಕಾರಿನಲ್ಲಿ ಗಾಜು ಏರಿಸಿ ಕೂತು ಮೊದಲ ತಟ್ಟೆ ಕೇಳಿದೆ. ಸತ್ಯ ಹೇಳಬೇಕು, ಅಂಥ ಶಬ್ದ ನಾನು ಜನ್ಮದಲ್ಲಿ ಕೇಳಿರಲಿಲ್ಲ. ಶಂಖ, ಡಿಡ್ಜೆರಿಡೂ ಅನ್ನುವ ಆಸ್ಟ್ರೇಲಿಯಾದ ಉದ್ದನೆ ಊದುಕೊಳವೆ, ಸರ್ಪೆಂಟ್ ಅನ್ನುವ ಹಾವಿನಂತೆ ಸುತ್ತಿಕೊಂಡ ಹಳೇ ಕಾಲದ ಊದುವಾದ್ಯ, ಎಲ್ಲ ಕತ್ತಲೊಳಗಿಂದ ಬಂದಂತೆ. ಕೇಳಿ ಮುಗಿಸಿ ಬಟನ್ ಒತ್ತಿದರೆ ತಟ್ಟೆ ಹೊರಗೆ ಬರಲಿಲ್ಲ. ಕಾರು ಅದನ್ನು ನುಂಗಿಬಿಟ್ಟಿತ್ತು. ಮಾರನೇ ದಿನ ಅಕ್ಕ, ಭಾವ ಧರ್ಮಸ್ಥಳಕ್ಕೆ ಹೊರಟರು. ಚಾವಿ ತಿರುಗಿಸಿದಾಗಲೆಲ್ಲ ‘ಏಲಿಯನ್’. ಘಾಟಿಯಿಂದ ಅಕ್ಕ ಫೋನ್ ಮಾಡಿದಳು: “ಮೊದಲು ಶಂಖ ಊದಿದಾಗ ದೇವರದ್ದೇ ಇರಬೇಕು ಅಂತ ಕೈ ಮುಗಿದೆ ಕಣೋ. ಆಮೇಲೆ ನೋಡಿದರೆ ದೆವ್ವ ಹಿಂದೆ ಬಂದ ಹಾಗಿದೆ. ನಿಮ್ಮ ಭಾವ ಎರಡು ಸಲ ಗಾಡಿ ನಿಲ್ಲಿಸಿದರು.” ಮೆಕ್ಯಾನಿಕ್ ತಟ್ಟೆ ಹೊರಗೆ ತೆಗೆದುಕೊಟ್ಟದ್ದು ಹನ್ನೊಂದು ದಿನದ ಮೇಲೆ.

ಇವೆಲ್ಲ ನನ್ನ ಹಣೆಬರಹ, ಬಿಡಿ. ಸಿ.ಡಿ.ಯ ನಿಜವಾದ ತೊಡಕು ಬೇರೆ. ನಾನು ಸಿನಿಮಾದಲ್ಲಿ ಕೇಳಿ ಮೆಚ್ಚಿದ್ದು ಒಂದು, ತಟ್ಟೆಯಲ್ಲಿದ್ದದ್ದು ಇನ್ನೊಂದು. ‘ಏಲಿಯನ್’ ನಿರ್ದೇಶಕ ರಿಡ್ಲಿ ಸ್ಕಾಟ್ ಮತ್ತು ಸಂಕಲನಕಾರರು ಗೋಲ್ಡ್‌ಸ್ಮಿತ್ ಬರೆದ ಸಂಗೀತವನ್ನು ಕತ್ತರಿಸಿ, ಜಾಗ ಬದಲಿಸಿ ಕೂರಿಸಿದ್ದರು. ಕೆಲವು ಕಡೆ ಗೋಲ್ಡ್‌ಸ್ಮಿತ್ ಅವರದೇ 1962ರ ‘ಫ್ರಾಯ್ಡ್’ ಚಿತ್ರದ ಸಂಗೀತವನ್ನು ತಂದು ಅಂಟಿಸಿದ್ದರು. ಕೊನೆಯಲ್ಲಿ ಹೆಸರುಗಳು ಬರುವಾಗ ಕೇಳುವ ನೆಮ್ಮದಿಯ ಸಂಗೀತ ಅಮೆರಿಕದ ಇನ್ನೊಬ್ಬ ಸಂಯೋಜಕ ಹೋವರ್ಡ್ ಹ್ಯಾನ್ಸನ್ ಅವರ ಎರಡನೇ ಸಿಂಫನಿಯದು. ಅದನ್ನು ಗೋಲ್ಡ್‌ಸ್ಮಿತ್ ತಟ್ಟೆಯಲ್ಲಿ ಹುಡುಕಿದರೆ ಎಲ್ಲಿಂದ ಸಿಗಬೇಕು? ಶೀರ್ಷಿಕೆ ಸಂಗೀತಕ್ಕೂ ಎರಡು ರೂಪ. ಅವರು ಮನಸ್ಸಿಟ್ಟು ಬರೆದ ಮೊದಲನೆಯದು ಬೇಡ ಅಂದಾಗ, ಬೇಕಾದ ಹಾಗೆ ವಿಚಿತ್ರವಾಗಿ ಐದು ನಿಮಿಷದಲ್ಲಿ ಇನ್ನೊಂದು ಬರೆದುಕೊಟ್ಟೆ ಎಂದು ಗೋಲ್ಡ್‌ಸ್ಮಿತ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಈ ಹಿನ್ನೆಲೆ ಗೊತ್ತಿದ್ದವರಿಗೆ ಆ ತಟ್ಟೆ ಬಂಗಾರ. ನನಗೆ ಆಗ ಬೇರೆ ಯಾರದೋ ಮನೆ ಬೀರು ತೆಗೆದ ಹಾಗಿತ್ತು.

ಆನ್‌ಲೈನ್ ಪಾಠಕ್ಕೆ ಒಂದು ಪ್ಯಾರಾ ಸಾಕು. ಸಿನಿಮಾ ಸಂಗೀತ ಸಂಯೋಜನೆಯ ತರಗತಿ, ವರ್ಷಕ್ಕೆ 3,500. ಮೇಷ್ಟ್ರು ಒಳ್ಳೆಯವರೇ, ಆದರೆ ಅದು ಅಡುಗೆ ಮಾಡುವವರಿಗೆ. ನಾನು ಊಟಕ್ಕೆ ಬಂದವನು. ಸ್ಟಾಫ್ ನೊಟೇಷನ್, ಅಂದರೆ ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ, ಓದಲು ಬಾರದೆ ಮೂರನೇ ಪಾಠಕ್ಕೆ ಎದ್ದು ಬಂದೆ.

ಪಾಡ್‌ಕಾಸ್ಟಿಗೆ ಬಂದದ್ದು ಹೀಗೆ, ದುಡ್ಡು ಮುಗಿದಮೇಲೆ. ನಾನು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಪಾಸಿನ ಗಿರಾಕಿ. ಹೋಗುತ್ತ ಒಂದೂವರೆ ಗಂಟೆ, ಬರುತ್ತ ಒಂದೂವರೆ ಗಂಟೆ, ಸಿಗ್ನಲಿಗೆ ನಿಂತರೆ ಎರಡು. ಮೊದಲು ಹಿಡಿದದ್ದು ‘ಸೆಟ್ಲಿಂಗ್ ದ ಸ್ಕೋರ್’. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2005ರಲ್ಲಿ ಆರಿಸಿದ 25 ಶ್ರೇಷ್ಠ ಚಲನಚಿತ್ರ ಸಂಗೀತಗಳನ್ನು ಇಬ್ಬರು ಒಂದೊಂದಾಗಿ ಎತ್ತಿಕೊಂಡು ಬಿಡಿಸುತ್ತಾರೆ. ಗೋಲ್ಡ್‌ಸ್ಮಿತ್ ಅವರದ್ದು ಆ ಪಟ್ಟಿಯಲ್ಲಿ ಎರಡಿವೆ, ‘ಚೈನಾಟೌನ್’ 9ನೆಯದು, ‘ಪ್ಲಾನೆಟ್ ಆಫ್ ದಿ ಏಪ್ಸ್’ 18ನೆಯದು. ಒಳ್ಳೇ ಊಟ, ಆದರೆ ದಿನಾ ಬೇರೆ ಮನೆ. ಒಬ್ಬರ ಕೈರುಚಿ ನಾಲಿಗೆಗೆ ಹತ್ತುವಷ್ಟರಲ್ಲಿ ಎಲೆ ಎತ್ತಿಬಿಡುತ್ತಾರೆ.

‘ದಿ ಗೋಲ್ಡ್‌ಸ್ಮಿತ್ ಆಡಿಸ್ಸಿ’ ನನ್ನನ್ನು ಹಿಡಿದದ್ದು ಇಲ್ಲೇ. ಒಬ್ಬರೇ ಸಂಗೀತಗಾರ, ಅವರ ಕೆಲಸ ಮೊದಲಿನಿಂದ, ವರ್ಷದ ಕ್ರಮದಲ್ಲಿ. ಹೆಸರಾದ ಸಿನಿಮಾಗಳಿಗೆ ನೇರ ಹಾರುವುದಿಲ್ಲ, ಟಿ.ವಿ. ಧಾರಾವಾಹಿಗಳಿಗೆ ಸಣ್ಣ ಮೇಳ ಇಟ್ಟುಕೊಂಡು ದುಡಿದ ದಿನಗಳಿಂದ ಶುರು. (ಜಾನ್ ವಿಲಿಯಮ್ಸ್ ಬೇಕಾದವರಿಗೆ ಇದೇ ಪದ್ಧತಿಯ ‘ದಿ ಬ್ಯಾಟನ್’ ಇದೆ.) ಶುರುವಿನಲ್ಲಿ ನನಗೂ ಬೇಸರ ಬಂತು. ‘ಏಲಿಯನ್’ ಯಾವಾಗಪ್ಪಾ ಅಂತ ಕಾಯುತ್ತ, 1960ರ ಸುತ್ತಮುತ್ತಲ ಕಪ್ಪು ಬಿಳುಪು ಧಾರಾವಾಹಿಗಳ ಮಾತು ಕೇಳುತ್ತ ಕ್ಯಾತ್ಸಂದ್ರ ದಾಟುವುದರೊಳಗೆ ತೂಕಡಿಸಿದ್ದೂ ಉಂಟು. ಆದರೆ ಐದಾರು ವಾದ್ಯ ಇಟ್ಟುಕೊಂಡು ಹೆದರಿಸಬೇಕಾಗಿದ್ದವನು ಯಾವ ವಾದ್ಯವನ್ನು ಎಲ್ಲಿ ಸುಮ್ಮನಿರಿಸಬೇಕು ಅಂತ ಕಲಿತೇ ಕಲಿಯುತ್ತಾನಲ್ಲ, ಆ ಜಿಪುಣತನವೇ ಮುಂದೆ ಅವರ ಗುರುತು ಅನ್ನುವುದು ನನಗೆ ಹೊಳೆದದ್ದು ಆ ಬೇಸರದ ಕಂತುಗಳಲ್ಲೇ.

‘ಫ್ರಾಯ್ಡ್’ ಸಂಗೀತದ ಪರಿಚಯವಾದದ್ದೂ ಈ ಕ್ರಮದಿಂದಲೇ. ಆಮೇಲೆ ಒಂದು ರಾತ್ರಿ ‘ಏಲಿಯನ್’ ಮತ್ತೆ ಹಾಕಿದೆ. ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಗಾಳಿಯ ಕೊಳವೆಯೊಳಗೆ ತೆವಳುವ ಜಾಗ ಬಂದಾಗ ಎದ್ದು ಕೂತೆ: ಅರೆ, ಇದು ಆ ಹಳೇದಲ್ಲವಾ! ಸಿ.ಡಿ. ಜತೆ ಬಂದ ಪುಸ್ತಿಕೆಯಲ್ಲೂ ಈ ವಿಷಯ ಇತ್ತು, ಓದಿ ಮರೆತಿದ್ದೆ. ಕಿವಿ ತಾನಾಗಿ ಗುರುತು ಹಿಡಿದದ್ದನ್ನು ಮರೆಯಲು ಆಗಲಿಲ್ಲ.

ಹಾಗೆ ಪಳಗಿದ ಕಿವಿ ಇಟ್ಟುಕೊಂಡು ಉಳಿದ ಸಿನಿಮಾಗಳನ್ನು ನೋಡತೊಡಗಿದೆ. ‘ಚೈನಾಟೌನ್’ (1974) ಎರಡು ಗಂಟೆ ಹತ್ತು ನಿಮಿಷದ ಚಿತ್ರ, ಸಂಗೀತ ಅರ್ಧ ಗಂಟೆಯೂ ಇಲ್ಲ. ಮೊದಲು ಬೇರೊಬ್ಬರು ಮಾಡಿದ್ದ ಸಂಗೀತವನ್ನು ತೆಗೆದುಹಾಕಿ ಗೋಲ್ಡ್‌ಸ್ಮಿತ್‌ಗೆ ಕೊಟ್ಟದ್ದು ಹತ್ತೇ ದಿನ. ಅವರು ಕೂರಿಸಿಕೊಂಡದ್ದು ನಾಲ್ಕು ಪಿಯಾನೊ, ನಾಲ್ಕು ಹಾರ್ಪ್, ತಂತಿವಾದ್ಯಗಳು, ತಾಳವಾದ್ಯದವರು, ಒಂದೇ ಒಂದು ಟ್ರಂಪೆಟ್. ಆ ಒಂಟಿ ಟ್ರಂಪೆಟ್ ಸಾಕು. ‘ಪ್ಲಾನೆಟ್ ಆಫ್ ದಿ ಏಪ್ಸ್’ಗೆ (1968) ಬಡಿದದ್ದು ಅಡುಗೆಮನೆಯ ಸ್ಟೀಲ್ ಬಟ್ಟಲುಗಳನ್ನು. ಜಲತರಂಗ ಕೇಳಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ ಅಂತ ನಾನೂ ಒಂದು ರಾತ್ರಿ ಹಿಟ್ಟು ಕಲಸುವ ಬಟ್ಟಲಿಗೆ ಸೌಟಿನಲ್ಲಿ ಬಡಿದು ನೋಡಿದೆ. “ರೀ, ಮಗು ಮಲಗಿದೆ” ಅನ್ನುವುದರೊಂದಿಗೆ ಸಂಶೋಧನೆ ಮುಗಿಯಿತು. ಆ ಚಿತ್ರದ ಕೊನೆಯ ದೃಶ್ಯದಲ್ಲಿ ಗೋಲ್ಡ್‌ಸ್ಮಿತ್ ಏನೂ ನುಡಿಸಿಲ್ಲ. ಬರೀ ಕಡಲ ಅಲೆಯ ಸದ್ದು, ಹೆಸರುಗಳು ಬರುವಾಗಲೂ ಅದೇ. ಪಾಡ್‌ಕಾಸ್ಟುಗಳ ಸಹವಾಸಕ್ಕೆ ಬೀಳದಿದ್ದರೆ ಅಲ್ಲಿ ಸಂಗೀತ ಇಲ್ಲ ಅನ್ನುವುದೇ ನನ್ನ ಗಮನಕ್ಕೆ ಬರುತ್ತಿರಲಿಲ್ಲ.

ಇನ್ನು ಇಂಥ ಸಂಗೀತದ ಹೊರದೇಶದ ಅಭಿಮಾನಿಗಳು. ನಮ್ಮಲ್ಲಿ ಜಗಳ ಯಾವ ಹಾಡು ಯಾರ ಕೈಲಿ ಹಾಡಿಸಬೇಕಿತ್ತು ಅಂತ. ಅವರಲ್ಲಿ ಜಗಳ ನಿಮಿಷದ ಲೆಕ್ಕದ್ದು. ಹಳೇ ಎಲ್.ಪಿ.ಗಳಲ್ಲಿ ಎಷ್ಟೋ ಚಿತ್ರಗಳ ಸಂಗೀತ ಅರ್ಧ ಗಂಟೆಗೆ ಮುಗಿದುಹೋಗುತ್ತದೆ. ಅಮೆರಿಕದಲ್ಲಿ ಸಿನಿಮಾಕ್ಕೆ ನುಡಿಸಿದ್ದನ್ನು ಆಲ್ಬಮ್ಮಿಗೂ ಬಳಸಿದರೆ ವಾದ್ಯಗಾರರ ಸಂಘದ ನಿಯಮದಂತೆ ಮತ್ತೆ ಸಂಭಾವನೆ ಕೊಡಬೇಕಿತ್ತು, ಕಂಪನಿಗಳು ಉದ್ದ ಕತ್ತರಿಸಿದ್ದಕ್ಕೆ ಅದೇ ಮುಖ್ಯ ಕಾರಣ. ಬಿಟ್ಟುಹೋದ ಎರಡೂವರೆ ನಿಮಿಷದ ತುಣುಕಿಗಾಗಿ ಇವರು ಇಪ್ಪತ್ತು ವರ್ಷ ಕಾಯುತ್ತಾರೆ. ಮೊದಲು ನಗು ಬಂತು. ಆಮೇಲೆ ಕುಕ್ಕರ್ ಸೀಟಿಯ ಕ್ಯಾಸೆಟ್ ನೆನಪಾಗಿ ನಗುವುದು ಬಿಟ್ಟೆ.

ಪಾಡ್‌ಕಾಸ್ಟಿನಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ಮಾತು ಇಂಗ್ಲಿಷಿನದು, ಓಟ ಜಾಸ್ತಿ. ಸಿನಿಮಾ ನೋಡದೆ ಕಂತು ಕೇಳಿದರೆ ಕಥೆಯ ಗುಟ್ಟೆಲ್ಲ ಬಯಲು. ನನಗೆ ದಿನಾ ಕಾಡುವುದು ರೈಲು. ಸೋಲದೇವನಹಳ್ಳಿ ಹತ್ತಿರ ಗಾಡಿ ವೇಗ ಹಿಡಿದಾಗ ಮಾತು ಸ್ಪಷ್ಟವಾಗಿ ಕೇಳುತ್ತದೆ, “ಈಗ ಈ ಕೊಳಲು ಗಮನಿಸಿ” ಅಂದಕೂಡಲೇ ಕೊಳಲು ಮಾಯ. ಶಬ್ದ ಏರಿಸಿದರೆ ಮುಂದಿನ ತುಣುಕಿನ ಹಿತ್ತಾಳೆ ವಾದ್ಯಗಳು ಕಿವಿ ಕಿತ್ತು ಕೈಗೆ ಕೊಡುತ್ತವೆ. ಸದ್ದು ತಡೆಯುವ ಇಯರ್‌ಫೋನ್ ಕೊಳ್ಳಿ ಅನ್ನಬೇಡಿ, ಆ 6,370 ಇದ್ದಿದ್ದರೆ ಕೊಳ್ಳುತ್ತಿದ್ದೆ. ಸದ್ಯಕ್ಕೆ ಗಾಡಿ ಚಿಕ್ಕಬಾಣಾವರದಲ್ಲಿ ಸಿಗ್ನಲಿಗೆ ನಿಂತಾಗ ಹಿಂದಕ್ಕೆ ಎಳೆದು ಮತ್ತೆ ಕೇಳುತ್ತೇನೆ. ಉಳಿದ ಪ್ರಯಾಣಿಕರು ಶಪಿಸುವ ಆ ಹತ್ತು ನಿಮಿಷ ನನಗೆ ಮಾತ್ರ ಹಬ್ಬ.

ನನ್ನ ಲೆಕ್ಕ ಇಷ್ಟೇ: ದಿನಕ್ಕೆ ಮೂರು ಗಂಟೆ ಸುಮ್ಮನೆ ಕೂರುವವನು, ಹವ್ಯಾಸಕ್ಕೆ ತಿಂಗಳಿಗೆ 500 ಮೀರಿದರೆ ಮನೆಯಲ್ಲಿ ಉತ್ತರ ಕೊಡಬೇಕಾದವನು. ನನ್ನಂಥವರಿಗೆ ಪಾಡ್‌ಕಾಸ್ಟೇ ಸೈ, ಅದರಲ್ಲೂ ಒಬ್ಬರನ್ನೇ ಹಿಡಿದು ಕ್ರಮವಾಗಿ ಹೋಗುವಂಥದ್ದು. ಮನೆಯಲ್ಲಿ ಒಳ್ಳೇ ಸ್ಪೀಕರ್, ಬಾಗಿಲು ಹಾಕಿಕೊಳ್ಳುವ ಕೋಣೆ ಇರುವವರು ಸಿ.ಡಿ.ಗೆ ಹೋಗಲಿ, ಆದರೆ ಆರು ತಿಂಗಳು ಪಾಡ್‌ಕಾಸ್ಟ್ ಕೇಳಿ ಆಮೇಲೆ. ಪಾಠಕ್ಕೆ ನುಡಿಸಲು ಬರುವವರು ಹೋಗಲಿ.

ಎರಡನೇ ತಟ್ಟೆ ನಾನಿನ್ನೂ ಕೇಳಿಲ್ಲ. ಈಗ ಕೇಳಿದರೆ ಅರ್ಥವಾಗುತ್ತದೆ ಅನ್ನುವ ಧೈರ್ಯ ಬಂದಿದೆ. ಭಾವ ಕಾರು ಮಾರುತ್ತಾರಂತೆ ಅಂತ ಗೊತ್ತಾಗಿ ಹೋದ ವಾರ ಫೋನ್ ಮಾಡಿ, “ಭಾವ, ಮಾರುವ ಮುಂಚೆ ಆ ಸಿ.ಡಿ. ಪ್ಲೇಯರ್ ಬಿಚ್ಚಿ ನನಗೆ ಕೊಡ್ತೀರಾ?” ಅಂದೆ. “ಗಾಡೀನೇ ತಗೊಂಡು ಹೋಗಯ್ಯಾ, ನಿಮ್ಮಕ್ಕ ಅದರಲ್ಲಿ ಕೂರೋದೇ ಇಲ್ಲ ಅಂತಾಳೆ” ಅಂದರು.