ಬೆಳ್ಳಿ, ಕೈಟೋಸಾನ್, ದಾಳಿಂಬೆ ಸಿಪ್ಪೆ, ಕ್ವಾಟ್: ಆಸ್ಪತ್ರೆ ಬಟ್ಟೆಗೆ ಯಾವುದು?

ಅಜ್ಜಿ ಸೊಂಟ ಮುರಿದುಕೊಂಡು ಮಲಗಿದ ವರ್ಷವೇ ನಾನು ಟೆಕ್ಸ್‌ಟೈಲ್ ಎಂ.ಟೆಕ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೆ. ಬೆನ್ನಲ್ಲಿ ಬೆಡ್ ಸೋರ್ ಆಗಿತ್ತು. ಅಮ್ಮ ದಿನಾ ಬೆಡ್‌ಶೀಟ್ ಬದಲಿಸಿ, ಕುದಿಯುವ ನೀರಲ್ಲಿ ಅದ್ದಿ, ಬಿಸಿಲಿಗೆ ಹಾಕುತ್ತಿದ್ದಳು. ಆದರೂ ಸಂಜೆ ಹೊತ್ತಿಗೆ ಬಟ್ಟೆ ವಾಸನೆ ಬರುತ್ತಿತ್ತು. ಹತ್ತಿಯ ಗುಣವೇ ಅದು. ಬೆವರು, ಕೀವು ಎಲ್ಲವನ್ನೂ ಹೀರುತ್ತದೆ, ಅದಕ್ಕೇ ನಮಗೆ ಅದು ಬೇಕು. ಹೀರಿದ್ದನ್ನು ಮೈಬಿಸಿಯಲ್ಲಿ ಬೆಚ್ಚಗೆ ಇಟ್ಟುಕೊಳ್ಳುತ್ತದೆ, ಬ್ಯಾಕ್ಟೀರಿಯಾಕ್ಕೆ ಬೇಕಿರುವುದೂ ಅದೇ.

ಹಾಗಾಗಿ ಬ್ಯಾಕ್ಟೀರಿಯಾ ತಡೆಯುವ ನಾಲ್ಕು ಫಿನಿಶ್‌ಗಳನ್ನು (ಬಟ್ಟೆಗೆ ಕೊಡುವ ಲೇಪಗಳನ್ನು) ಒಂದೇ ಥಾನಿನ ಬಟ್ಟೆ ಮೇಲೆ ಹಾಕಿ ನೋಡಿದೆ. ಗಂಜಿ ತೆಗೆದು, ಸ್ಕೌರಿಂಗ್, ಬ್ಲೀಚಿಂಗ್ ಮಾಡಿದ ಬಿಳಿ ಹತ್ತಿ ಬಟ್ಟೆ, ಜೊತೆಗೆ ಸ್ವಲ್ಪ ಗಾಜ್, ಅಂದರೆ ಗಾಯಕ್ಕೆ ಕಟ್ಟುವ ತೆಳು ಜಾಳು ಬಟ್ಟೆ. ದ್ರಾವಣದಲ್ಲಿ ಅದ್ದಿ, ಪ್ಯಾಡಿಂಗ್ ಮ್ಯಾಂಗಲ್‌ನಲ್ಲಿ ಹಿಂಡಿ, ಒಣಗಿಸಿ, ಆಮೇಲೆ ಲೇಪ ಗಟ್ಟಿಯಾಗಿ ಅಂಟಲು ಬಿಸಿ ಒಲೆಯಲ್ಲಿ ಕಾಯಿಸುವುದು, ಅಂದರೆ ಕ್ಯೂರಿಂಗ್. ಪರೀಕ್ಷೆಗೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಮತ್ತು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಅನ್ನುವ ಎರಡು ಬ್ಯಾಕ್ಟೀರಿಯಾ. ಹೊಸ ಬಟ್ಟೆಗೊಮ್ಮೆ, ತೊಳೆದ ಮೇಲೆ ಇನ್ನೊಮ್ಮೆ.

ಈ ತೊಳೆಯುವ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲ ಲೆಕ್ಕ ತಲೆಕೆಳಗಾದದ್ದು ಅಲ್ಲೇ. ಲಾಂಡರ್‌ಒಮೀಟರ್ ಅಂತ ಒಂದು ಯಂತ್ರ ಇದೆ. ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ತುಂಡು, ಸೋಪು ನೀರು, 50 ಸ್ಟೀಲ್ ಗುಂಡು ಹಾಕಿ 49 ಡಿಗ್ರಿಯಲ್ಲಿ 45 ನಿಮಿಷ ತಿರುಗಿಸಿದರೆ ಸುಮಾರು ಐದು ಸಲ ಮನೆಯಲ್ಲಿ ಒಗೆದಷ್ಟು. ನಾನು ನಾಲ್ಕು ಸುತ್ತು ಹಾಕಿದೆ, ಅಂದರೆ 20 ಒಗೆತ.

ಬೆಳ್ಳಿಯಿಂದ ಶುರು ಮಾಡಿದೆ. ಸಿಲ್ವರ್ ನೈಟ್ರೇಟನ್ನು ಟ್ರೈಸೋಡಿಯಂ ಸಿಟ್ರೇಟ್ ಜೊತೆ ಕುದಿಸಿದರೆ ನೀರಿನಂತಿದ್ದ ದ್ರಾವಣ ನಿಧಾನಕ್ಕೆ ಹಳದಿಯಾಗುತ್ತದೆ, ನ್ಯಾನೋ ಬೆಳ್ಳಿ ಹುಟ್ಟಿದ ಗುರುತು ಅದು. ಬಟ್ಟೆಗೆ ಹಾಕಿದಾಗ ತಿಳಿ ಚಹಾದ ಬಣ್ಣ ಬಂತು. ಬ್ಯಾಕ್ಟೀರಿಯಾ ಹರಡಿದ ಅಗರ್ (ಅವು ಬೆಳೆಯುವ ಜೆಲ್ಲಿ) ತಟ್ಟೆ ಮೇಲೆ ಆ ಬಟ್ಟೆ ಇಟ್ಟು ಮರುದಿನ ಇನ್‌ಕ್ಯುಬೇಟರ್ ತೆರೆದಾಗ, ಬಟ್ಟೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಒಂದು ಚೊಕ್ಕ ಉಂಗುರ. ಲ್ಯಾಬಲ್ಲಿ ಎಲ್ಲರಿಗೂ ಕರೆದು ತೋರಿಸಿದೆ. ಗೆದ್ದದ್ದು ಬೆಳ್ಳಿಯೇ ಅಂದುಕೊಂಡೆ.

ತಪ್ಪು ತಿಳಿದಿದ್ದೆ. ಉಂಗುರ ಬರಬೇಕಾದರೆ ಮದ್ದು ಬಟ್ಟೆ ಬಿಟ್ಟು ಅಗರ್ ಒಳಗೆ ಇಳಿದಿರಬೇಕು ಅಲ್ವಾ? ಅಗರ್‌ಗೆ ಇಳಿಯುವುದು ಸೋಪು ನೀರಿಗೂ ಇಳಿಯುತ್ತದೆ. 20 ಒಗೆತದ ನಂತರ ಬಟ್ಟೆ ಮತ್ತೆ ಬೆಳ್ಳಗಾಯಿತು, ಉಂಗುರ ಹೋಯಿತು. 2008ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬೆಳ್ಳಿ ಹಾಕಿದ ಕಾಲುಚೀಲಗಳನ್ನು ಹೀಗೇ ನೀರಲ್ಲಿ ತೊಳೆದು ನೋಡಿದ್ದರು: ಕೆಲವದರಲ್ಲಿ ನಾಲ್ಕೇ ಸಲಕ್ಕೆ ಬೆಳ್ಳಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು, ಇನ್ನು ಕೆಲವದರಲ್ಲಿ ಹಾಗೇ ಉಳಿದಿತ್ತು. ಅಂದರೆ ಬೆಳ್ಳಿ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದನ್ನು ಹೇಗೆ ಕಟ್ಟಿಹಾಕಿದ್ದಾರೆ ಅನ್ನುವುದೇ ಮುಖ್ಯ. ಹೋದ ಬೆಳ್ಳಿ ಎಲ್ಲಿ ಹೋಗುತ್ತದೆ? ಚರಂಡಿಗೆ, ಅಲ್ಲಿಂದ ಕೆರೆಗೆ. ನನಗೆ ಅದು ಸಣ್ಣ ವಿಷಯ ಅನ್ನಿಸಲಿಲ್ಲ.

ಕೈಟೋಸಾನ್ ಮೇಲೆ ನನಗೆ ಮೊದಲಿಂದಲೂ ಪ್ರೀತಿ. ಸಿಗಡಿ ಚಿಪ್ಪಿನಿಂದ ಬರುವ ವಸ್ತು, ಮಂಗಳೂರು ಕಡೆಯವಳಾದ ನನಗೆ ಸಿಗಡಿ ಚಿಪ್ಪು ಅಂದರೆ ಮೀನು ಮಾರ್ಕೆಟ್ ಹಿಂದಿನ ರಾಶಿ, ಅದು ಗಾಯದ ಬಟ್ಟೆಗೆ ಬರುತ್ತದೆ ಅಂದರೆ ಖುಷಿ ಆಗದೇ ಇರುತ್ತದಾ. ನೀರಲ್ಲಿ ಕರಗುವುದಿಲ್ಲ, 1-2% ಅಸಿಟಿಕ್ ಆಮ್ಲ ಬೇಕು. ರಾತ್ರಿಯಿಡೀ ಕಲಕಿದ ಮೇಲೆ ಜೇನಿನ ಹಾಗೆ ಮಂದ ಆಯಿತು. ಇಡೀ ಲ್ಯಾಬ್ ವಿನೆಗರ್ ವಾಸನೆ. ಸುಮ್ನೆ ಅದ್ದಿ ಒಣಗಿಸಿದರೆ ಒಗೆತಕ್ಕೆ ಹೋಗುತ್ತದೆ ಅಂತ, ಹತ್ತಿಗೆ ಬೆಸೆಯಲು ಸಿಟ್ರಿಕ್ ಆಮ್ಲ, ಸೋಡಿಯಂ ಹೈಪೋಫಾಸ್ಫೈಟ್ ಸೇರಿಸಿ 160 ಡಿಗ್ರಿಯಲ್ಲಿ ಮೂರು ನಿಮಿಷ ಕ್ಯೂರ್ ಮಾಡಿದೆ. ಮೊದಲ ತುಂಡು ಅಂಚಲ್ಲಿ ಹಳದಿಯಾಯಿತು, ಕೈಗೆ ಗಂಜಿ ಹಾಕಿದ ಕಾಲರ್ ಥರ ಗಟ್ಟಿ. ಕೈಟೋಸಾನ್ ಕಡಿಮೆ ಮಾಡಿದಾಗ ಸರಿಹೋಯಿತು. ಉಂಗುರ ಬರಲೇ ಇಲ್ಲ, ಆದರೆ ಬಟ್ಟೆ ಎತ್ತಿ ನೋಡಿದರೆ ಅದರ ಅಡಿ ಸ್ವಚ್ಛ. ತಾಗಿದ್ದನ್ನು ಮಾತ್ರ ಕೊಲ್ಲುತ್ತದೆ, ದೂರ ಹೋಗುವುದಿಲ್ಲ. ಅದರ ಧನಾವೇಶ ಬ್ಯಾಕ್ಟೀರಿಯಾದ ಋಣಾವೇಶದ ಹೊರಪದರವನ್ನು ಹಿಡಿಯುತ್ತದೆ. ತೊಂದರೆ ಏನೆಂದರೆ, ಆ ಧನಾವೇಶ ಹುಳಿ ಇರುವ ಕಡೆ ಮಾತ್ರ ಚೆನ್ನಾಗಿರುತ್ತದೆ. ಸೋಡಾ ಹಾಕಿ ಒಗೆದರೆ ಕಡಿಮೆಯಾಗುತ್ತದೆ. 20 ಒಗೆತದ ನಂತರ ಕೆಲಸ ಮಾಡುತ್ತಿತ್ತು, ಆದರೆ ಹೊಸದರಷ್ಟು ಅಲ್ಲ.

ದಾಳಿಂಬೆ ಸಿಪ್ಪೆ ಬಗ್ಗೆ ಜಾಸ್ತಿ ಹೇಳಲ್ಲ. ಅದರಲ್ಲಿರುವ ಟ್ಯಾನಿನ್ ಪಟಿಕದ ಜೊತೆ ಹತ್ತಿಗೆ ಅಂಟುತ್ತದೆ, ಚೆಂದದ ಹಳದಿ ಬರುತ್ತದೆ, ಹೊಸದರಲ್ಲಿ ಬ್ಯಾಕ್ಟೀರಿಯಾವೂ ಕಡಿಮೆ ಆಯಿತು. ಆದರೆ ಎರಡು ಸಲ ಕುದಿಸಿದ ಕಷಾಯ ಎರಡೂ ಸಲ ಒಂದೇ ಥರ ಬರಲಿಲ್ಲ. ಆಸ್ಪತ್ರೆಗೆ ಹೋಗುವ ಬಟ್ಟೆಗೆ ಅದು ಆಗುವ ಮಾತಲ್ಲ. ಬೇವಿನೆಲೆಯಲ್ಲೂ ಇದೇ ಗೋಳು.

ಕೊನೆಗೆ ಕ್ವಾಟ್, ಅಂದರೆ ಸಿಲೇನ್ (ಸಿಲಿಕಾನ್ ಸಂಯುಕ್ತ) ಬಾಲ ಇರುವ ಕ್ವಾಟರ್ನರಿ ಅಮೋನಿಯಂ, ಧನಾವೇಶದ ಒಂದು ರೋಗಾಣುನಾಶಕ. ಸಿಲೇನ್ ತುದಿ ಹತ್ತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಇನ್ನೊಂದು ಕಡೆಯ ಉದ್ದ ಕೊಬ್ಬಿನ ಸರಪಳಿ ಬ್ಯಾಕ್ಟೀರಿಯಾದ ಪೊರೆಗೆ ಚುಚ್ಚುತ್ತದೆ. ಇದಕ್ಕೂ ಉಂಗುರ ಇಲ್ಲ. ಬಟ್ಟೆಯಲ್ಲಿ ಇದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ: ಬ್ರೋಮೋಫಿನಾಲ್ ಬ್ಲೂ ಅನ್ನುವ ನೀಲಿ ಬಣ್ಣದ ದ್ರಾವಣದಲ್ಲಿ ಅದ್ದಿ ನೀರಲ್ಲಿ ಜಾಲಿಸಬೇಕು. ಬರೀ ಹತ್ತಿ ಬಿಳಿಯಾಯಿತು, ಕ್ವಾಟ್ ಹತ್ತಿ ನೀಲಿಯಾಗೇ ಉಳಿಯಿತು. 20 ಒಗೆತದ ತುಂಡೂ ಸ್ವಲ್ಪ ಮಾಸಿದ ನೀಲಿ. ಆ ನೀಲಿ ತುಂಡನ್ನು ಕಿಟಕಿ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನೋಡಿದೆನೋ. ಬ್ಯಾಕ್ಟೀರಿಯಾ ಎಣಿಕೆಯಲ್ಲೂ ನಾಲ್ಕರಲ್ಲಿ ಇದೇ ಮುಂದೆ. ಆದರೆ ಬಟ್ಟೆಯನ್ನು ಚೆನ್ನಾಗಿ ಜಾಲಿಸಬೇಕು. ಸೋಪಿನ ಋಣಾವೇಶ ಉಳಿದರೆ ಕ್ವಾಟ್ ಮುಚ್ಚಿಹೋಗುತ್ತದೆ. ಸತ್ತ ಬ್ಯಾಕ್ಟೀರಿಯಾ, ಕೊಳೆ ಪದರ ಕಟ್ಟಿದರೂ ಅಷ್ಟೇ, ಅದಕ್ಕೇ ಈ ಬಟ್ಟೆ ಒಗೆಯುವ ಕೆಲಸ ತಪ್ಪಿಸುವುದಿಲ್ಲ.

ಇಷ್ಟಾದ ಮೇಲೆ ಕ್ವಾಟನ್ನೇ ಎಲ್ಲದಕ್ಕೂ ಹಾಕಬಹುದಲ್ಲ ಅನ್ನಿಸುತ್ತದೆ. ಗಾಜ್ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದೆ. ಬರೀ ಗಾಜ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೀರಿತು. ಕ್ವಾಟ್ ಗಾಜ್ ಮೇಲೆ ಹನಿ ಕೆಸುವಿನೆಲೆ ಮೇಲಿನ ಹಾಗೆ ದುಂಡಗೆ ನಿಂತಿತು! ಅದೇ ಕೊಬ್ಬಿನ ಸರಪಳಿಯ ಕೆಲಸ. ಹೀರುವ ಗಾಜ್ ನೀರಿಗೆ ಹಾಕಿದರೆ 10 ಸೆಕೆಂಡಿನೊಳಗೆ ಮುಳುಗಬೇಕು, ಇದು ತೇಲಿತು. ಕೀವು ಹೀರದ ಡ್ರೆಸ್ಸಿಂಗ್ ಇಟ್ಟುಕೊಂಡು ಏನು ಮಾಡುವುದು?

ಹಾಗಾಗಿ ನನ್ನ ಆಯ್ಕೆ ಒಂದಲ್ಲ. ದಿನಾ ಒಗೆಯುವ ಬೆಡ್‌ಶೀಟ್, ದಿಂಬಿನ ಕವರ್, ನರ್ಸ್‌ಗಳ ಯೂನಿಫಾರ್ಮಿಗೆ ಕ್ವಾಟ್. ಗಾಯಕ್ಕೆ ತಾಗುವ, ಒಮ್ಮೆ ಬಳಸಿ ಬಿಸಾಡುವ ಗಾಜ್‌ಗೆ ಕೈಟೋಸಾನ್, ಕಡಿಮೆ ಹಾಕಿದಾಗ ಅದು ಚೆನ್ನಾಗಿ ಹೀರುತ್ತಿತ್ತು. ಕೆಟ್ಟು ಕೀವಾದ ಗಾಯಕ್ಕೆ, ಒಗೆಯುವ ಮಾತೇ ಇಲ್ಲದ ಡ್ರೆಸ್ಸಿಂಗಿಗೆ ಬೆಳ್ಳಿ. ಅಲ್ಲಿ ಅದು ಹೊರಗೆ ಇಳಿಯುವುದೇ ಉಪಯೋಗ.

ಅಂಗಡಿಯಲ್ಲಿ "99% ರೋಗಾಣು ನಾಶ" ಅಂತ ಬರೆದಿದ್ದರೆ ಎಷ್ಟು ಒಗೆತದ ನಂತರದ ಲೆಕ್ಕ ಅಂತ ಕೇಳಿ. ಒಂದು ಲಕ್ಷದಲ್ಲಿ 99% ಸತ್ತರೂ ಸಾವಿರ ಉಳಿಯುತ್ತವೆ.

ಅಜ್ಜಿಗೆ ನನ್ನ ಕ್ವಾಟ್ ಬೆಡ್‌ಶೀಟಾಗಲೀ ಕೈಟೋಸಾನ್ ಗಾಜ್ ಆಗಲೀ ಹಾಕಲಿಲ್ಲ. ಬ್ಯಾಕ್ಟೀರಿಯಾ ಸಾಯಿಸುವುದು ಮನುಷ್ಯರ ಚರ್ಮದ ಕೋಶವನ್ನೂ ಸಾಯಿಸಬಹುದು, ಅದನ್ನು ನೋಡಲು ಐಎಸ್‌ಒ 10993-5 ಅನ್ನುವ ಬೇರೆ ಪರೀಕ್ಷೆ ಇದೆ, ನಮ್ಮ ಲ್ಯಾಬಲ್ಲಿ ಆ ಸೌಲಭ್ಯ ಇರಲಿಲ್ಲ. ಅಮ್ಮ ಎರಡು ಸಲ ಕೇಳಿದಳು. ಎರಡೂ ಸಲ ಬೇಡ ಅಂದೆ.