ಸ್ಪೀಕರ್ ಕೇಬಲ್‌ಗೆ 86,000 ಕೊಟ್ಟಿದ್ದೇನೆ, ನೀವು ಕೊಡಬೇಡಿ

ಮೂರು ಮೀಟರಿನ ಒಂದು ಜೊತೆ ತಂತಿಗೆ 86,000 ರೂಪಾಯಿ. ಹೌದು, ಎಂಬತ್ತಾರು ಸಾವಿರ. ಇದನ್ನು ಬರೆಯಲು ಮೂರು ವಾರ ಹಿಂದೆ ಮುಂದೆ ನೋಡಿದೆ. ಮಗಳಿಗೆ ಬೆಲೆ ಗೊತ್ತು. ಹೆಂಡತಿಗೆ ಈ ಬರಹದಿಂದಲೇ ಗೊತ್ತಾಗಲಿ.

ಬೆಂಗಳೂರಿನ ಒಂದು ದುಬಾರಿ ಆಡಿಯೊ ಶೋರೂಮು. ಹೆಸರು ಬರೆಯುವ ಹಾಗಿಲ್ಲ, ಏಕೆಂದು ಆಮೇಲೆ ಹೇಳುತ್ತೇನೆ. ನಾನು ಹೋಗಿದ್ದು ಸ್ಪೀಕರ್ ನೋಡಲು. ಸದ್ದು ಹೊರಹೋಗದ ಕೋಣೆ, ಮೆತ್ತನೆಯ ಸೋಫಾ, ಲೋಟದ ತುಂಬ ಕಾಫಿ. ನಾನು ಒಯ್ದಿದ್ದ ಮಲ್ಲಿಕಾರ್ಜುನ ಮನ್ಸೂರರ ಸಿ.ಡಿ.ಯನ್ನೇ ಹಾಕಿದರು. ಮೊದಲು ಸಾಧಾರಣ ಕೇಬಲ್. ಬಳಿಕ ಕಪ್ಪು ಬಟ್ಟೆಯ ಹೊದಿಕೆಯ, ಕೇರೆಹಾವಿನಷ್ಟು ದಪ್ಪದ ಕೇಬಲ್. ಆಹಾ! ತಂಬೂರಿಯ ಜವಾರಿ, ಅಂದರೆ ಆ ತಂತಿಯ ಝೇಂಕಾರ, ಕೋಣೆಯ ತುಂಬ ಹರಡಿದಂತಾಯಿತು. (ಧಾರವಾಡದವನಿಗೆ ಜವಾರಿ ಎಂದರೆ ಸಾಕು, ಕಾಳಾಗಲಿ ತಂಬೂರಿಯಾಗಲಿ, ಕಿಸೆಗೆ ಕೈ ಹೋಗುತ್ತದೆ.) "ಇದು 40 ಸಾವಿರ ಹರ್ಟ್ಸ್‌ವರೆಗೂ ಸ್ವಚ್ಛವಾಗಿ ಸಾಗಿಸುತ್ತದೆ ಸರ್" ಎಂದ ಆ ಹುಡುಗ. ನಾನು ತಲೆಯಾಡಿಸಿದೆ.

ಆ ತಲೆಯಾಡಿಸಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಸಿ.ಡಿ.ಯಲ್ಲಿ ಇರುವುದು ನಾದದಿಂದ ಸೆಕೆಂಡಿಗೆ 44,100 ಸಲ ತೆಗೆದ ಮಾದರಿಗಳು (ಸ್ಯಾಂಪಲ್). ಒಂದು ಕಂಪನ ಹಿಡಿಯಲು ಎರಡಾದರೂ ಮಾದರಿ ಬೇಕು. ಅಂದರೆ ಸುಮಾರು 22 ಸಾವಿರ ಹರ್ಟ್ಸ್‌ನ ಆಚೆಗೆ ಅದರಲ್ಲಿ ಏನೂ ಇಲ್ಲ. ಇಲ್ಲದ್ದನ್ನು ಕೇಬಲ್ ಎಲ್ಲಿಂದ ತರುತ್ತದೆ? ಎಳೆಯ ಕಿವಿಗೆ ಕೇಳಿಸುವುದೇ 20 ಸಾವಿರದವರೆಗೆ, ನನಗೆ 58 ವರ್ಷ. ಮೊಬೈಲಿನಲ್ಲಿ ಪರೀಕ್ಷಿಸಿಕೊಂಡೆ, 11 ಸಾವಿರಕ್ಕೇ ನಿಶ್ಶಬ್ದ.

ಮನೆಗೆ ತಂದು ಜೋಡಿಸಿದರೆ ಆ ಮಾಯೆ ಇಲ್ಲ. ಕೋಣೆ ಬೇರೆಯಲ್ಲವೇ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ವಾರ ಕಳೆದ ಮೇಲೆ, ಗೆಳೆಯನಿಗೆ ಕಳಿಸಲೆಂದು ಶೋರೂಮಿನಲ್ಲಿ ತೆಗೆದಿದ್ದ ಎರಡು ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಸಾಧಾರಣ ಕೇಬಲ್ ಇದ್ದಾಗ ಆಂಪ್ಲಿಫೈಯರಿನ ನೀಲಿ ಪರದೆಯಲ್ಲಿ 38. ದುಬಾರಿ ಕೇಬಲ್ ಇದ್ದಾಗ 42. ಅಷ್ಟೇ. ವಾಲ್ಯೂಮ್ ಏರಿಸಿದ್ದರು! ರಿಮೋಟ್ ಆ ಹುಡುಗನ ಕೈಯಲ್ಲೇ ಇತ್ತು, ನಾನು ಕಣ್ಣು ಮುಚ್ಚಿ ತಂಬೂರಿ ಕೇಳುತ್ತ ಕುಳಿತಿದ್ದೆ. ಸದ್ದು ತುಸು ಹೆಚ್ಚಾದರೆ ಕಿವಿಗೆ ಅದು "ಚೆನ್ನಾಗಿದೆ" ಎನ್ನಿಸುತ್ತದೆ. ಇದು ಹಳೆಯ ಚಾಳಿಯಂತೆ, ನನಗೆ ಈಗ ಗೊತ್ತಾಯಿತು.

ಫೋನ್ ಮಾಡಿದೆ. ಉತ್ತರ ಏನು ಗೊತ್ತೇ? "ಒಳ್ಳೆಯ ಕೇಬಲ್ ಹೆಚ್ಚು ಸಿಗ್ನಲ್ ಬಿಡುತ್ತದೆ ಸರ್, ಅದಕ್ಕೇ ಹಾಗೆ." ಸಿಗ್ನಲ್ ಬಿಡಲಿ, ಪರದೆಯ ಮೇಲಿನ ಅಂಕಿಯನ್ನೂ ಕೇಬಲ್ ಬದಲಿಸುತ್ತದೆಯೇ? ಮರುದಿನ ಬೇರೆ ರಾಗ: "ಕೇಬಲ್ 200 ಗಂಟೆ ಓಡಿ ಪಳಗಬೇಕು ಸರ್." ಓಡಿಸಿದೆ. ಹಗಲೆಲ್ಲ ಖಾಲಿ ಮನೆಯಲ್ಲಿ ಮನ್ಸೂರರು ಹಾಡಿದರು. ಆಮೇಲೆ: "ನಿಮ್ಮ ಮನೆಯ ಕರೆಂಟ್ ಶುದ್ಧವಾಗಿಲ್ಲ, ಒಂದು ಪವರ್ ಕಂಡಿಷನರ್ ಹಾಕಿಸಿ, 1,40,000ಕ್ಕೆ ಕೊಡುತ್ತೇವೆ." ಕಡೆಗೆ ಮಾಲೀಕರೇ ಮಾತನಾಡಿದರು: "ಕಿವಿ ಪಳಗಲು ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ." ಮೊದಲು ತಂತಿ ಪಳಗಬೇಕಿತ್ತು, ಈಗ ನನ್ನ ಕಿವಿ!

ಹಟ ಬಂತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಗೆ ಹೋಗಿ 2.5 ಚದರ ಮಿಲಿಮೀಟರಿನ ಸಾದಾ ತಾಮ್ರದ ತಂತಿ ತಂದೆ, ಒಟ್ಟು 600 ರೂಪಾಯಿ ಚಿಲ್ಲರೆ. ಮೂರು ಮೀಟರ್ ದೂರಕ್ಕೆ, ಹೋಗಿ ಬರುವ ಎರಡೂ ಎಳೆ ಸೇರಿಸಿದರೂ, ಅದರ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸುಮಾರು 0.04 ಓಮ್. ನನ್ನ ಸ್ಪೀಕರ್ 8 ಓಮ್‌ನದು, ಅದರೆದುರು ಇದು ಲೆಕ್ಕಕ್ಕೇ ಇಲ್ಲ. ಮಗಳು ಬೆಡ್‌ಶೀಟ್ ಮರೆ ಕಟ್ಟಿ, ನಾಣ್ಯ ಚಿಮ್ಮಿ, ಬಿದ್ದಂತೆ ಕೇಬಲ್ ಬದಲಿಸಿದಳು. ಬದಲಿಸದಿದ್ದಾಗಲೂ ಬಿಚ್ಚಿ ಹಾಕಿದ ಸದ್ದು ಮಾಡಿದಳು. ವಾಲ್ಯೂಮ್ ಮುಟ್ಟಲಿಲ್ಲ. 20 ಸುತ್ತಿನಲ್ಲಿ ನಾನು ಸರಿಯಾಗಿ ಹೇಳಿದ್ದು 9. ಏಳನೆಯ ಸುತ್ತಿನಲ್ಲಂತೂ "ಇದೇ ನೋಡು ದುಬಾರಿಯದು, ಆ ತಂಬೂರಿ ಕೇಳು" ಎಂದು ಕೈಯೆತ್ತಿ ಹೇಳಿದ್ದೆ. ಅವಳು ಮಾತಾಡಲಿಲ್ಲ. ಬೆಡ್‌ಶೀಟಿನ ಮೇಲಿಂದ ಎಸ್.ಪಿ. ರಸ್ತೆಯ ಕೆಂಪು ತಂತಿಯನ್ನು ಎತ್ತಿ ತೋರಿಸಿದಳು.

ಹಾಗೆ ನೋಡಿದರೆ ನಾನೊಬ್ಬನೇ ಅಲ್ಲ. ಅಮೆರಿಕದ ಒಂದು ಕಂಪನಿಯ ದುಬಾರಿ ಎಲ್‌ಪಿಗಳನ್ನು (ಗ್ರಾಮಫೋನ್ ತಟ್ಟೆಗಳನ್ನು), ಡಿಜಿಟಲ್ ಸೋಕದ ಪೂರ್ತಿ ಅನಲಾಗ್ ಎಂದು ನಂಬಿ, ತಮ್ಮ ಕಿವಿ ಬಲು ಸೂಕ್ಷ್ಮ ಎನ್ನುವವರೆಲ್ಲ ವರ್ಷಗಟ್ಟಲೆ ಹೊಗಳುತ್ತಿದ್ದರು. ನಡುವೆ ಡಿಜಿಟಲ್ ಹಂತ ಇತ್ತೆಂದು 2022ರಲ್ಲಿ ಬಯಲಾಯಿತು. ಅವರ ಕಿವಿ ಪಳಗಿತ್ತಲ್ಲವೇ?

ಈಗ ನಾಚಿಕೆಯ ಭಾಗ. ದುಡ್ಡು ವಾಪಸ್ ಕೇಳಿದರೆ "ಪ್ಯಾಕ್ ಒಡೆದಿದೆ" ಎಂದರು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡೋಣವೆಂದರೆ ಬಿಲ್ ಎಲ್ಲಿದೆ? ಬಿಲ್ ಇಲ್ಲದೆ ಕೊಂಡರೆ 18 ಶೇಕಡ ಜಿ.ಎಸ್.ಟಿ. ಉಳಿಯುತ್ತದೆ ಎಂದಾಗ ನಾನೇ ಹಲ್ಲುಕಿರಿದು ಒಪ್ಪಿದ್ದೆ. ಕೈಯಲ್ಲಿರುವುದು ಒಂದು ಎಸ್ಟಿಮೇಟ್ ಚೀಟಿ, ಅದರ ಮೇಲೆ ಅಂಗಡಿಯ ಹೆಸರೂ ಇಲ್ಲ. ಇಲ್ಲಿ ಹೆಸರು ಬರೆಯದಿರುವುದು ಅದಕ್ಕೇ.

ಒಳ್ಳೆಯ ಸ್ಪೀಕರಿಗೆ ದುಡ್ಡು ಹಾಕಿ, ಬೇಡ ಎನ್ನುವುದಿಲ್ಲ, ಅಲ್ಲಿ ವ್ಯತ್ಯಾಸ ನಿಜವಾಗಿ ಕೇಳಿಸುತ್ತದೆ. ನೆಲಕ್ಕೊಂದು ದಪ್ಪ ಜಮಖಾನೆ ಹಾಸಿ, ಖಾಲಿ ಕೋಣೆಯ ಮಾರ್ದನಿ ತಗ್ಗುತ್ತದೆ. ಆದರೆ ತಂತಿಗೆ ಬೇಡ. ಡೆಮೊ ಕೇಳುವಾಗ ರಿಮೋಟ್ ನಿಮ್ಮ ಕೈಯಲ್ಲಿರಲಿ, ಕಣ್ಣು ಪರದೆಯ ಮೇಲಿರಲಿ. ಬಿಲ್, ಬಿಲ್, ಬಿಲ್.

ನಿನ್ನೆ ಅದೇ ಅಂಗಡಿಯಿಂದ ವಾಟ್ಸಾಪ್ ಸಂದೇಶ. ಕೇಬಲ್ ನೆಲಕ್ಕೆ ತಾಗಿದರೆ ನಾದ ಕೆಡುತ್ತದಂತೆ, ಅದನ್ನು ಎತ್ತಿ ಹಿಡಿಯಲು ಪಿಂಗಾಣಿಯ ಪುಟ್ಟ ಸ್ಟ್ಯಾಂಡ್ ಬಂದಿವೆಯಂತೆ. ಎಂಟಕ್ಕೆ 12,000. ಹಳೆಯ ಗ್ರಾಹಕರಿಗೆ ರಿಯಾಯಿತಿ ಉಂಟಂತೆ.